ದಾರೆಜಾನ್ ದರ ಹೇಳಿದ್ದು

ನಾಲ್ಕಕ್ಕೆ ಕೊಡು ಅನ್ನುತ್ತೀಯ, ಗುರಾಮ್.
ಕೆಸರು ಬೂಟು ಹೊರಗೆ ಬಿಡು, ಒಳಗೆ ಬಾ, ಕೂರು.
ಒರಳಿನ ಪಕ್ಕ ಬೇಡ, ಕಣ್ಣುರಿಯುತ್ತೆ.
ಆಮೇಲೆ ಅತ್ತೂ ಕರೆದೂ ದರ ಇಳಿಸಿದೆ ಅಂತ
ಲತಾಲಿಯೆಲ್ಲ ಆಡಿಕೊಂಡೀತು.

ಈ ಖಾಲಿ ಬಾಟಲಿ ಎತ್ತಿ ನೋಡು.
ಜುಗ್ದಿದಿಯಿಂದ ವ್ಯಾನಿನ ಸೀಟಿನಡಿ ಬಂದದ್ದು.
ಮುಚ್ಚಳ, ಚೀಟಿ, ದಾರಿಯಲ್ಲಿ ಒಡೆದ ಅದರ ತಂಗಿಯರು,
ಎಲ್ಲ ಸೇರಿ ಒಂದು ಲರಿ.
ಒಳಗಿನ ಗಾಳಿಗೇ ಒಂದು ಲರಿ ಆಯಿತು, ಬರೆದುಕೋ.

ಬೆಳ್ಳುಳ್ಳಿ ನಿನ್ನ ಹಿತ್ತಿಲದೇ ಅಲ್ಲವಾ ಅಂತ ನಗಬೇಡ.
ಹೋದ ವರ್ಷ ನಾನೂ ಹಾಗೇ ಅಂದುಕೊಂಡೆ:
ಮನೆಯ ಬೆಳ್ಳುಳ್ಳಿ, ಮನೆಯ ಕೊತ್ತಂಬರಿ ಬೀಜ,
ಬೆಟ್ಟದ ಜೀರಿಗೆಗೆ ಬೆಟ್ಟ ರಸೀದಿ ಕೊಡುವುದಿಲ್ಲ,
ಚೆಂಡುಹೂವಂತೂ ಬೇಲಿಗೇ ಬೇಜಾರಾಗುವಷ್ಟು.
ಎಲ್ಲ ಪುಕ್ಕಟೆ ಅಂತ ಮೂರು ಲರಿಗೆ ಮಾರಿದೆ.
ಒಂದೂ ಉಳಿಯಲಿಲ್ಲ.
ಅಕ್ಟೋಬರಿನಲ್ಲಿ ಡಬ್ಬಿ ಸುರಿದು ಎಣಿಸಿದರೆ
ಬಂದ ಪ್ರವಾಸಿಗಳಿಗೆಲ್ಲ ನಾನೇ ಕೈಯಿಂದ ಹಾಕಿ
ಉಂಡು ಹೋಗಿ ಅಂದಂತಿತ್ತು.

ಸೊಸೆ ನತಿಯಾ ಪೆನ್ಸಿಲ್ ಹಿಡಿದು ಕೂತಳು.
ಇದೇ ಬೆಳ್ಳುಳ್ಳಿ ಪೇಟೆಯಲ್ಲಿ ಕೊಟ್ಟಿದ್ದರೆ ಕಿಲೋಗೆ ಎಷ್ಟು?
ಹನ್ನೆರಡು ಅಂದೆ. ಹನ್ನೆರಡು ಬರೆದಳು.
ಸುಲಿದ ಮೇಲೆ ಉಳಿದದ್ದು? ಎಂಟುನೂರು ಗ್ರಾಂ.
ಸಿಪ್ಪೆಗೂ ದುಡ್ಡು ತೆತ್ತಿದ್ದೀಯ ಅತ್ತೆ, ಅಂದಳು.
ನೀಲಿ ಮೆಂತ್ಯ ಜರಡಿ ಹಿಡಿದಾಗ ಹಾರಿದ್ದು?
ಅದನ್ನು ಹೇಗೆ ತೂಗಲಿ, ಗುರಾಮ್!
ಅದು ಸೀನಾಗಿ ಹೋಯಿತು, ಬೆಕ್ಕಿನ ಮೀಸೆ ಮೇಲೆ ಕೂತಿತು.
ನಮ್ಮ ಹಿತ್ತಿಲಲ್ಲೇ ಹುಟ್ಟಿದರೂ ಅದಕ್ಕೆ
ಪರದೇಶಿ ಪರಿಮಳ ಅಂತಲೇ ಹೆಸರು.
ಒಂದಿಷ್ಟು ಯಾವಾಗಲೂ ಹೊರಟುಹೋಗುತ್ತದೆ.
ಒಳಗಿನದ್ದಕ್ಕೆ ಒಂದೂವರೆ.

ಇನ್ನು ಈ ತೋಳು.
ಆಲೂಗಡ್ಡೆ ಅಗೆಯುವ ಆಳಿಗೆ
ದಿನಕ್ಕೆ ಅರವತ್ತು ಕೊಡುವವನು ನೀನೇ.
ಎಪ್ಪತ್ತು ಬಾಟಲಿಗೆ ಎರಡು ದಿನ ಕುಟ್ಟಿದ್ದೇನೆ. ಭಾಗಿಸು.
ಒಂದು ಲರಿ ಎಪ್ಪತ್ತು.
ಹೆಚ್ಚಾಯಿತೇ? ತಗೋ ಒನಕೆ.
ಒರಳು ನನ್ನ ಅತ್ತೆಯ ಅತ್ತೆಯದು, ಅದಕ್ಕೆ ಬಾಡಿಗೆ ಹಾಕಿಲ್ಲ.

ಗೊತ್ತು, ನಾಲ್ಕಕ್ಕೂ ಕೊಡಬಹುದು.
ಆ ದಾರಿ ಬೆಳ್ಳಗಿದೆ, ಕಿಲೋಗೆ ಒಂದೇ ಲರಿ.
ಜೂನಿನಲ್ಲಿ ಒಮ್ಮೆ
ಎರಡು ಕಿಲೋ ಉಪ್ಪು ಹೆಚ್ಚಿಗೆ ಸುರಿದೆ.
ಇಪ್ಪತ್ತು ಬಾಟಲಿ ನೆಲದಿಂದ ಎದ್ದು ನಿಂತವು.
ಪೋಲೆಂಡಿನವರು ಕೊಂಡರು, ಇಸ್ರೇಲಿನವರು ಕೊಂಡರು,
ಒಬ್ಬರೂ ಏನೂ ಅನ್ನಲಿಲ್ಲ.
ಪಕ್ಕದ ಮನೆ ಮರೆಖಿ ಮಾತ್ರ
ಸೌತೆಕಾಯಿಗೆ ಹಚ್ಚಿಕೊಂಡು ತಿಂದಳು,
ಮಾತಿಲ್ಲದೆ ಎದ್ದು ನೀರು ಕುಡಿದಳು,
ಲೋಟ ತೊಳೆದಿಟ್ಟು ಹೋದಳು.
ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ಆ ರಾತ್ರಿ ಮೂರು ಸಲ ಎದ್ದು ಕುಡಿದದ್ದು ನಾನು.

ಎಲ್ಲಿದ್ದೆವು?
ಒಂದು, ಒಂದೂವರೆ, ಒಂದು ಎಪ್ಪತ್ತು,
ಮೆಸ್ತಿಯಾಗೆ ಸಾಗಿಸಲು ಮೂವತ್ತು ತೆತ್ರಿ.
ಅಲ್ಲಿಗೇ ನಾಲ್ಕೂವರೆ. ನಿನ್ನ ನಾಲ್ಕು ಕೆಳಗೆ ಬಿತ್ತು, ಎತ್ತಿಕೋ.
ಮೇಲೊಂದು ಲರಿ ಯಾಕೆ ಅಂತ ನತಿಯಾಳೂ ಕೇಳಿದಳು.
ಮಾರ್ಚಿಯಲ್ಲಿ ಮತ್ತೆ ಬಾಟಲಿ ಕೊಳ್ಳುವಾಗ
ನಿನ್ನ ಬಾಗಿಲಿಗೆ ಸಾಲಕ್ಕೆ ಬಾರದಿರುವುದಕ್ಕೆ.

ಐದೂವರೆ.
ನಿನ್ನ ಅಂಗಡಿಯಲ್ಲಿ ಅದು ಹತ್ತಕ್ಕೆ ಕೂತದ್ದು ನೋಡಿದ್ದೇನೆ,
ಹಿಂದೆ ಯಾರೋ ಒಬ್ಬ ಅಜ್ಜಿಯ ಚಿತ್ರ.
ನಾನಲ್ಲ. ನನಗಿಂತ ಚೆನ್ನಾಗಿದ್ದಾಳೆ.

ಎದ್ದೆಯಾ?
ನಲವತ್ತು ಅಂದಿದ್ದೆ, ಹನ್ನೆರಡೇ ಸಾಕೇ?
ಆಗಲಿ, ಹನ್ನೆರಡು. ಎಣಿಸಿಕೋ.
ದಾರಿಗೆ ಹಿಮ ಬೀಳಲು ಇನ್ನೂ ಆರು ವಾರವಿದೆ,
ಉಳಿದವಕ್ಕೆ ಕಾಲಿಲ್ಲ, ಓಡಿಹೋಗುವುದಿಲ್ಲ.
ಬೂಟು ಕೊಡವಿ ಹಾಕಿಕೋ,
ಎಡಗಡೆಯದರಲ್ಲಿ ಬೆಕ್ಕು ಮಲಗಿರುತ್ತದೆ.
ಅದರ ಮೀಸೆಯದು ನಿನಗಂಟಿದರೆ
ಅಂಟಲಿ ಬಿಡು, ಅದಕ್ಕೆ ದರ ಕಟ್ಟಿಲ್ಲ.